ಥರ್ಮೋಕೋಲ್ ಮೆಟ್ಟಿಲ ಮೇಲಿನ ದಂಡು

ನನ್ನ ಮೇಜು ಇರುವುದು ನಡುಮನೆಯ ಪೂರ್ವದ ಕಿಟಕಿಯ ಕೆಳಗೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಒಳ್ಳೆಯ ಬೆಳಕು ಬೀಳುವ ಜಾಗ ನಮ್ಮ ಮನೆಯಲ್ಲಿ ಅದೊಂದೇ. ಆ ಎರಡು ಗಂಟೆ ನಾನು ಸೈನಿಕರಿಗೆ ಬಣ್ಣ ಹಚ್ಚುತ್ತೇನೆ. ಒಬ್ಬೊಬ್ಬ ಸೈನಿಕನೂ ನನ್ನ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ, ಅಷ್ಟೆ. ಅಷ್ಟರಲ್ಲೇ ಅವನಿಗೆ ಕಚ್ಚೆ, ಸೊಂಟಪಟ್ಟಿ, ಕಡಗ, ಮೀಸೆ, ಎರಡು ಕಣ್ಣು ಎಲ್ಲ ಆಗಬೇಕು. ಆಮೇಲೆ ಸ್ನಾನ, ತಿಂಡಿ, ಡ್ಯೂಟಿ. ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಬೀದಿಯವರಿಗೆ ಗೊತ್ತಿರುವುದು ಆ ಗುಮಾಸ್ತ, ಅವನ ಸಿಡುಕು, ಮತ್ತು ಇಷ್ಟು ವಯಸ್ಸಾದರೂ ಗೊಂಬೆ ಇಟ್ಟುಕೊಂಡು ಆಡುತ್ತಾನೆ ಎನ್ನುವ ಸುದ್ದಿ.

ಆ ಕಿಟಕಿಯ ಕೆಳಗೆ ಮೊದಲು ಇದ್ದದ್ದು ಅಮ್ಮನ ಟ್ರಂಕು. ಅದರೊಳಗೆ ದಸರಾ ಗೊಂಬೆಗಳಿದ್ದವು. ಅಮ್ಮನ ತವರಿನಿಂದ ಬಂದ ಮರದ ಪಟ್ಟದ ಗೊಂಬೆ, ಅಂದರೆ ರಾಜ-ರಾಣಿಯ ಜೋಡಿ. ಮಣ್ಣಿನ ಆನೆ, ಕುದುರೆ, ವಾದ್ಯದವರು. ದವಸದ ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ಮತ್ತು ಅವನ ಹೆಂಡತಿ. ಅಮ್ಮ ಹೋದ ಮೇಲೆ ಅವುಗಳನ್ನು ವರ್ಷವರ್ಷವೂ ಮೆಟ್ಟಿಲು ಕಟ್ಟಿ ಕೂರಿಸುತ್ತಿದ್ದವಳು ಅಕ್ಕ.

ಅಕ್ಕನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ನಾನಿನ್ನೂ ಮೂರನೇ ಕ್ಲಾಸು. ಅಕ್ಕ ಹಳ್ಳಿಯ ಪ್ರೈಮರಿ ಸ್ಕೂಲಿಗೆ ಮೇಡಂ ಆಗಿ ಸೇರಿ, ದಿನಾ ಎರಡು ಬಸ್ಸು ಹತ್ತಿ ಇಳಿದು, ಮನೆ ನಡೆಸಿದಳು. ಮದುವೆಯ ಮಾತು ಬಂದಾಗಲೆಲ್ಲ ಇವನು ಎಸ್ಸೆಲ್ಸಿ ಮುಗಿಸಲಿ ಅಂದಳು, ಆಮೇಲೆ ಪಿಯುಸಿ ಅಂದಳು, ಆಮೇಲೆ ಇವನಿಗೆ ಕೆಲಸ ಸಿಗಲಿ ಅಂದಳು. ನನಗೆ ಕೆಲಸ ಸಿಗುವ ಹೊತ್ತಿಗೆ ಕೇಳುವವರು ಯಾರೂ ಉಳಿದಿರಲಿಲ್ಲ. ನನ್ನದೂ ಆಗಲಿಲ್ಲ. ನನ್ನ ಕೋಪ ನೋಡಿ ಯಾರೂ ಹೆಣ್ಣು ಕೊಡಲಿಲ್ಲ ಅನ್ನುವುದು ಅಕ್ಕನ ವಾದ, ನಾನು ಯಾರನ್ನೂ ಕೇಳಲೇ ಇಲ್ಲ ಅನ್ನುವುದು ನನ್ನದು. ಹೀಗೆ ಅಕ್ಕ ತಮ್ಮ ಇಬ್ಬರೇ ಒಂದು ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೇವೆ.

ಐದು ವರ್ಷದ ಹಿಂದೆ ಆ ಟ್ರಂಕನ್ನು ಎತ್ತಿ ಹಿತ್ತಿಲ ಶೆಡ್ಡಿಗೆ ಹಾಕಿದವನು ನಾನು. ನನಗೆ ಬೆಳಕು ಬೇಕಿತ್ತು. ಅಕ್ಕ ಬೇಡ ಅನ್ನಲಿಲ್ಲ. ಕೆಳಗೆ ಇಟ್ಟಿಗೆ ಕೊಟ್ಟು ಇಡು ಅಂದಳು. ನಾಳೆ ಇಟ್ಟರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಮಳೆಗಾಲ ಕಳೆದು ದಸರಾಕ್ಕೆ ಅವಳು ಟ್ರಂಕು ತೆರೆದಾಗ ನಾನು ಇದೇ ಮೇಜಿನ ಮುಂದೆ ಕೂತಿದ್ದೆ. ತುಂಬ ಹೊತ್ತು ಹಿತ್ತಿಲಿನಿಂದ ಸದ್ದೇ ಇಲ್ಲದ್ದರಿಂದ ಎದ್ದುಹೋದೆ. ತುಕ್ಕು ಹಿಡಿದ ತಳದಿಂದ ನೀರು ನುಗ್ಗಿ ಮಣ್ಣಿನ ಗೊಂಬೆಗಳು ಕರಗಿ ಮುದ್ದೆಯಾಗಿದ್ದವು. ರಾಜ-ರಾಣಿಯನ್ನು ಗೆದ್ದಲು ತಿಂದಿತ್ತು. ಹೊರಗಿನ ಬಣ್ಣ ಹಾಗೇ ಇತ್ತು, ಅಕ್ಕ ಎತ್ತಿಕೊಂಡರೆ ಅವಳ ಕೈಯಲ್ಲೇ ಪುಡಿಯಾಯಿತು. ಅವಳು ಕೈ ಕೊಡವಿಕೊಂಡು, ಹೋಗ್ಲಿ ಬಿಡು, ಹಳೇದಾಗಿತ್ತು ಅಂದಳು. ಇಡೀ ಪಾರ್ಸೆಲ್ ಆಫೀಸನ್ನು ಕೂಗಿ ಎಬ್ಬಿಸುವ ನನ್ನ ಬಾಯಿಗೆ ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ. ಆ ವರ್ಷವೂ ಸೇರಿ ನಾಲ್ಕು ದಸರಾ ನಮ್ಮ ಮನೆಯಲ್ಲಿ ಗೊಂಬೆ ಕೂರಲಿಲ್ಲ. ಅಕ್ಕ ಬೇರೆಯವರ ಮನೆಯ ಗೊಂಬೆ ಆರತಿಗೆ ಹೋಗಿ, ಬಾಗಿನದ ಉಸಲಿಯನ್ನು ಬಟ್ಟಲಲ್ಲಿ ಮುಚ್ಚಿಕೊಂಡು ಬಂದು ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಈ ಬಣ್ಣದ ಹುಚ್ಚು ಹತ್ತಿಸಿದವನು ಬೇಲೂರಿನ ನನ್ನ ಗೆಳೆಯ. ಹಾಸನದಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚಿನಲ್ಲಿದ್ದವನು. ಈಗ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾನೆ. ಮೇಜಿನ ಮೇಲೆ ಆಡುವ ಯುದ್ಧದಾಟ ಅವನ ಗೀಳು. ಚದುರಂಗದ ಹಾಗೆ ಮನೆಗಳಿಲ್ಲ. ಎರಡು ಸೈನ್ಯ, ಒಂದು ಅಳತೆಯ ಟೇಪು, ಒಂದಿಷ್ಟು ದಾಳ. ಕುದುರೆ ಇಷ್ಟು ಇಂಚು ಓಡಬಹುದು, ಬಿಲ್ಲಿನವನು ಅಷ್ಟು ದೂರ ಹೊಡೆಯಬಹುದು, ತಾಗಿತೋ ಇಲ್ಲವೋ ದಾಳ ಹೇಳುತ್ತದೆ, ಬಿದ್ದವನನ್ನು ಮಲಗಿಸಬೇಕು. ಅವನದು ಸೇವುಣರ ಸೈನ್ಯ. ಅದಕ್ಕೆ ಎದುರು ನಿಲ್ಲಲು ಹೊಯ್ಸಳರ ಸೈನ್ಯ ಬೇಕಿತ್ತು. ಒಂದು ದಿನ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಣ್ಣವಿಲ್ಲದ ಲೋಹದ ಸೈನಿಕರ ಡಬ್ಬಿ ತಂದು ನನ್ನ ಮುಂದಿಟ್ಟು, ಪಾರ್ಸೆಲ್ ಚೀಟಿಯ ಮೇಲೆ ನಿನ್ನ ಅಕ್ಷರ ನೋಡಿದೀನಿ, ಆ ಕೈ ಇದಕ್ಕೆ ಸರಿಹೋಗುತ್ತೆ ಅಂದ. ಇಪ್ಪತ್ತು ವರ್ಷದಲ್ಲಿ ನನ್ನ ಕೈಬರಹವನ್ನು ಗಮನಿಸಿದವನು ಅವನೊಬ್ಬನೇ. ಅವನ ಋಣ ನಾನು ತೀರಿಸುವಂಥದ್ದಲ್ಲ.

ಹೊಯ್ಸಳ ಸೈನಿಕರೇ ಎಂದು ಮಾಡಿದ ಗೊಂಬೆ ಎಲ್ಲೂ ಸಿಗುವುದಿಲ್ಲ. ಸಿಕ್ಕಿದ ಗೊಂಬೆಗೆ ಪುಟ್ಟಿ ಹಚ್ಚಿ ತುರುಬು, ಕಂಠಿ, ತೋಳಬಂದಿ ಎಲ್ಲ ನಾವೇ ಮಾಡಿಕೊಳ್ಳಬೇಕು. ಅದಕ್ಕೆ ನಮ್ಮ ಪಠ್ಯಪುಸ್ತಕ ಹಳೇಬೀಡಿನ ಗುಡಿಯ ಗೋಡೆ. ಭಾನುವಾರಗಳಲ್ಲಿ ನಾನು ಇಲ್ಲಿಂದ, ಅವನು ಅಲ್ಲಿಂದ ಹೋಗಿ, ಕೆಳಗಿನ ಆನೆಸಾಲು, ಇನ್ನೂ ಮೇಲಿನ ಕುದುರೆಸಾಲು ನೋಡುತ್ತ ಬಗ್ಗಿ ಬಗ್ಗಿ ನಡೆಯುತ್ತಿದ್ದೆವು. ಬಂದವರೆಲ್ಲ ತಲೆ ಎತ್ತಿ ದೇವರ ಮೂರ್ತಿಗಳನ್ನು ನೋಡಿದರೆ ನಾವಿಬ್ಬರು ಮೊಣಕಾಲೂರಿ ಕುದುರೆಯ ಜೀನು ಯಾವ ಕಡೆ ಕಟ್ಟಿದ್ದಾರೆ ಎಂದು ಚಿತ್ರ ಬರೆದುಕೊಳ್ಳುತ್ತಿದ್ದೆವು. ಅಲ್ಲಿನ ಕಾವಲಿನವನು ಮೊದಮೊದಲು ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡು ತಾನೂ ಹುಡುಕಿದ.

ತೊಂದರೆ ಬಂದದ್ದು ಬಣ್ಣದ್ದು. ಬಳಪದ ಕಲ್ಲು ಒಡವೆಯ ಒಂದೊಂದು ಮಣಿಯನ್ನೂ ಉಳಿಸಿಕೊಂಡಿದೆ, ಬಣ್ಣ ಮಾತ್ರ ಹೇಳುವುದಿಲ್ಲ. ಹುಟ್ಟಿದಾಗಿನಿಂದ ಅವರನ್ನು ಕಲ್ಲಿನಲ್ಲೇ ನೋಡಿದ ನಾನು ಮೊದಲ ಹತ್ತು ಸೈನಿಕರನ್ನು ನನಗೇ ಗೊತ್ತಿಲ್ಲದೆ ಬೂದಿ ಬಣ್ಣಕ್ಕೆ ಇಳಿಸಿಬಿಟ್ಟಿದ್ದೆ. ಅಕ್ಕ ಹಾದುಹೋಗುತ್ತ ನೋಡಿ, ಏನೋ ಇದು, ಎಲ್ಲರೂ ಬೂದಿಯಲ್ಲಿ ಹೊರಳಾಡಿ ಬಂದಂಗಿದೆ ಅಂದಳು. ನನಗೆ ರೇಗಿತು. ಎಲ್ಲ ಅಳಿಸಿ ಮತ್ತೆ ಶುರುಮಾಡಿದೆ. ಈ ಸಲ ಪಂಚೆಗಳಿಗೆ ಥಳಥಳ ಬಿಳಿ, ನಡುಕಟ್ಟಿಗೆ ಕೆಂಪು. ಅದನ್ನೂ ನೋಡಿ ಹೇಳಿದಳು.

“ದಂಡಿಗೆ ಹೋಗೋನು ನೀಲಿ ಹಾಕಿ ಒಗೆದ ಪಂಚೆ ಉಟ್ಕೊಂಡು ಹೋಗ್ತಾನೇನೋ? ಮದುವೆ ದಿಬ್ಬಣ ಅಲ್ಲ ಕಣೋ ಅದು. ನಾಲ್ಕು ದಿನ ಬಿಸಿಲಲ್ಲಿ ನಡೆದೋನ ಬಟ್ಟೆ ಹೆಂಗಿರುತ್ತೆ ಅಂತ ನನ್ನ ಸ್ಕೂಲ್ ಮಕ್ಕಳನ್ನ ಕೇಳಿದ್ರೂ ಹೇಳೋರು.”

ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಕೋಪ ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಬಿಳಿಗೆ ಒಂದು ಹನಿ ಕೆಮ್ಮಣ್ಣು ಬೆರೆಸಿ, ಮೊಣಕಾಲಿನ ಕೆಳಗೆ ಧೂಳು ಮುಸುಕಿಸಿದೆ. ಅವತ್ತು ಮೊದಲ ಸಲ ಒಬ್ಬ ಸೈನಿಕ ಎಲ್ಲಿಂದಲೋ ನಡೆದು ಬಂದವನ ಹಾಗೆ ಕಂಡ. ಆಮೇಲೆ ಅಕ್ಕ ದಿನಾ ಕಾಫಿ ತಂದುಕೊಟ್ಟಾಗ ಅರೆಗಳಿಗೆ ನಿಂತು ನೋಡುವುದು ರೂಢಿಯಾಯಿತು. ಅವಳ ಹಳೆಯ ಇಡ್ಲಿ ತಟ್ಟೆ ನನ್ನ ಬಣ್ಣದ ತಟ್ಟೆಯಾಯಿತು. ಅದರ ಕುಳಿಗಳು ಬಣ್ಣ ಬೆರೆಸಲು ಹೇಳಿ ಮಾಡಿಸಿದ ಹಾಗಿವೆ. ಅವಳು ಒಂದು ಸಲವೂ ತಕರಾರು ಮಾಡದೆ ಹೊಸ ತಟ್ಟೆ ತಂದುಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಸಲ, ರಾಣಿ ಇಲ್ವೇನೋ ಎಂದು ಕೇಳಿದಳು. ಯುದ್ಧದಲ್ಲಿ ರಾಣಿಗೇನು ಕೆಲಸ ಎಂದು ಸಿಡುಕಿದೆ. ಅದನ್ನು ಗೆಳೆಯನಿಗೆ ಹೇಳಿದರೆ, ಅಕ್ಕ ಸರಿಯಾಗೇ ಕೇಳಿದಾರೆ, ಹೊಯ್ಸಳ ರಾಣಿಯೊಬ್ಬಳು ದಂಡೆತ್ತಿ ಹೋದದ್ದು ಶಾಸನದಲ್ಲಿದೆ ಅಂದ. ಸರಿ, ಒಂದು ಕುದುರೆಯ ಮೇಲೆ ರಾಣಿಯನ್ನೂ ಕೂರಿಸಿದೆ. ಆನೆಯ ಮೇಲೆ ರಾಜ, ಪಕ್ಕದ ಕುದುರೆಯ ಮೇಲೆ ರಾಣಿ. ರಾಣಿಯ ಸೀರೆಗೆ ಅರಿಶಿನ ಬಣ್ಣ, ಅಂಚು ಕೆಂಪು. ಅಕ್ಕ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಒಡೆದೀತು, ಇಡು ಎಂದೆ.

ಹೀಗೆ ನಾಲ್ಕು ವರ್ಷ ಹಿಡಿದು ನೂರ ನಲವತ್ತು ಜನ ಸಿದ್ಧರಾದರು. ಇಡೀ ಸೈನ್ಯ ಒಂದು ಸಲವೂ ಮೈದಾನಕ್ಕೆ ಇಳಿದಿರಲಿಲ್ಲ. ಹೋದ ವರ್ಷದ ದಸರಾ ರಜದಲ್ಲಿ, ನವರಾತ್ರಿಯ ನಡುವಿನ ಭಾನುವಾರ ನಮ್ಮ ಮನೆಯಲ್ಲೇ ಆ ದೊಡ್ಡ ಆಟ ಎಂದು ಗೊತ್ತುಮಾಡಿದೆವು. ಗೆಳೆಯನಿಗೆ ಕಾಲೇಜಿಗೆ ರಜ, ನಾನು ಡ್ಯೂಟಿ ಬದಲಾಯಿಸಿಕೊಂಡೆ. ರಣರಂಗವನ್ನೂ ನಾನೇ ಮಾಡಿದೆ. ಹಲಗೆಗೆ ತೆಂಗಿನ ನಾರಿನ ಪುಡಿ ಅಂಟಿಸಿದರೆ ನಮ್ಮ ಕಡೆಯ ನೆಲ ತಾನಾಗಿ ಆಗುತ್ತದೆ. ಅದರ ಒಂದು ಅಂಚಿಗೆ ಹುಲಿಕೆರೆಯ ಕೊಳ. ಹಳೇಬೀಡಿಗೆ ಹೋದಾಗಲೆಲ್ಲ ನಾವಿಬ್ಬರು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುತ್ತಿದ್ದದ್ದು ಆ ಕೊಳದ ಮೆಟ್ಟಿಲ ಮೇಲೆ. ಅದರ ಒಂದು ಮಗ್ಗುಲನ್ನು ಥರ್ಮೋಕೋಲಿನಲ್ಲಿ ಕೊರೆದೆ, ಸಾಲಾಗಿ ಏಳು ಮೆಟ್ಟಿಲು, ಎರಡು ಪುಟ್ಟ ಗುಡಿ. ಅದಕ್ಕಿನ್ನೂ ಕಲ್ಲಿನ ಬಣ್ಣ ಬಳಿದಿರಲಿಲ್ಲ. ಬೆಳ್ಳಗೆ ಇತ್ತು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಇಡೀ ಸೈನ್ಯಕ್ಕೆ ಕೊನೆಯ ವಾರ್ನಿಷ್ ಹೊಡೆದೆ. ಒಂದಕ್ಕೊಂದು ತಾಗದ ಹಾಗೆ ಆರಲು ಇಡಬೇಕು, ಅಷ್ಟು ಜಾಗ ಎಲ್ಲಿದೆ? ಮೇಜು ಸಾಲಲಿಲ್ಲ. ಥರ್ಮೋಕೋಲ್ ಮೆಟ್ಟಿಲನ್ನು ನಡುಮನೆಯ ಗೋಡೆಗೆ ಒರಗಿಸಿ, ಎಲ್ಲರನ್ನೂ ಸಾಲಾಗಿ ಅದರ ಮೇಲೆ ನಿಲ್ಲಿಸಿದೆ. ರಾಜನ ಆನೆ ಭಾರ, ಕೆಳಗಿನ ಮೆಟ್ಟಿಲು ಕುಸಿದೀತೆಂದು ಅದನ್ನೂ ರಾಣಿಯ ಕುದುರೆಯನ್ನೂ ಗೋಡೆಯ ಆಸರೆಯಿದ್ದ ಮೇಲಿನ ಮೆಟ್ಟಿಲಲ್ಲಿ ಇಟ್ಟೆ. ಹೊರಗೆ ಮೋಡ ಮುಚ್ಚಿತ್ತು, ವಾರ್ನಿಷ್ ಆರುವುದು ತಡ. ಮಾರನೆಯ ದಿನ ನನಗೆ ಬೆಳಗಿನ ಪಾಳಿ. ಅಕ್ಕ ಏಳುವ ಮೊದಲೇ ಹೊರಟೆ. ಅವತ್ತು ಪಾಡ್ಯ ಎಂಬುದು, ಊರೆಲ್ಲ ಗೊಂಬೆ ಕೂರಿಸುವ ದಿನ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ಬಾಗಿಲಿಗೆ ಮಾವಿನ ತೋರಣ. ಒಳಗೆ ನಡುಮನೆಯಲ್ಲಿ ಮೆಟ್ಟಿಲ ಎರಡು ಕಡೆ ದೀಪ, ಮುಂದೆ ಕಳಶ, ರಂಗೋಲಿ. ನನ್ನ ನೂರ ನಲವತ್ತು ಜನರ ಹಣೆಯ ಮೇಲೂ ಕುಂಕುಮ. ಕುದುರೆಗಳಿಗೂ ಇಟ್ಟಿದ್ದಳು, ಆನೆಗೂ ಇಟ್ಟಿದ್ದಳು. ಅರೆಬರೆ ಆರಿದ ವಾರ್ನಿಷ್ ಅದು. ಅದರ ಮೇಲೆ ಬಿದ್ದ ಕುಂಕುಮ ಇನ್ನು ಜನ್ಮದಲ್ಲಿ ಹೋಗುವುದಿಲ್ಲ.

ನಾಲ್ಕು ವರ್ಷದ ಬೆಳಗುಗಳೆಲ್ಲ ಹಾಳಾದವು ಅನ್ನಿಸಿತು. ಚಪ್ಪಲಿಯನ್ನೂ ಬಿಡದೆ ಬಾಯಿ ತೆಗೆದೆ. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು. ಕೈಯಲ್ಲಿ ನನ್ನ ಭೂತಗನ್ನಡಿ, ಬೆರಳ ತುದಿ ಕೆಂಪಗಾಗಿತ್ತು.

“ಅಮ್ಮನ ಗೊಂಬೆಗೆ ಬದಲು ಮಾಡ್ತಿದೀಯ ಅಂತ ನಂಗೆ ಮೊದಲೇ ಗೊತ್ತಾಗಿತ್ತು ಕಣೋ. ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಮೆಟ್ಟಿಲನ್ನೂ ನೀನೇ ಕಟ್ಟಿ, ರಾಜ-ರಾಣೀನ ಮೇಲೆ ಕೂರಿಸಿ, ಹೇಳದೆ ಡ್ಯೂಟಿಗೆ ಹೋಗ್ಬಿಟ್ಟಿದೀಯಲ್ಲ.”

ಅವಳ ಕಣ್ಣು ತುಂಬಿತ್ತು. ಅಪ್ಪ ಹೋದಾಗ ಬಿಟ್ಟರೆ ಅವಳ ಕಣ್ಣಲ್ಲಿ ನೀರು ನೋಡಿದ ನೆನಪು ನನಗಿಲ್ಲ. ತೆಗೆದ ಬಾಯನ್ನು ಏನು ಮಾಡಬೇಕೋ ತಿಳಿಯದೆ, ಚಪ್ಪಲಿ ಬಿಟ್ಟು ಬರುತ್ತೇನೆ ಅಂದೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಅಲ್ಲೇ ನಿಂತೆ. ಅವಳ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಆನೆ ಇದೆ, ಕುದುರೆ ಇದೆ, ಕೇಳಿದ ಮೇಲೆ ರಾಣಿ ಬಂದಿದ್ದಾಳೆ, ಬೆಸ ಸಂಖ್ಯೆಯ ಬಿಳಿ ಮೆಟ್ಟಿಲಿದೆ, ಅದೂ ಅಮಾವಾಸ್ಯೆಯ ದಿನ. ಗೊಂಬೆ ಕೂರಿಸುವ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಹಾಗೇ ತಿಳಿಯುತ್ತಿದ್ದರು. ನಾಲ್ಕು ವರ್ಷ ನನ್ನ ಬೆನ್ನ ಹಿಂದೆ ಕಾಫಿ ಲೋಟ ಹಿಡಿದು ನಿಂತವಳು, ತಮ್ಮ ತಪ್ಪಾಯಿತು ಎಂದು ಬಾಯಲ್ಲಿ ಹೇಳಲಾರದೆ ಕೈಯಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು. ನನಗೆ ಅಂಥ ಯೋಚನೆ ಒಂದು ಸಲವೂ ಬಂದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಕೂರಿಸಿದ ಗೊಂಬೆಯನ್ನು ದಶಮಿಯ ಸಂಜೆಯವರೆಗೆ ಕದಲಿಸುವ ಹಾಗಿಲ್ಲ. ಆಟ ಇದ್ದದ್ದು ನಡುವಿನ ಭಾನುವಾರ. ಗೆಳೆಯನಿಗೆ ಫೋನು ಮಾಡಿ ಬರಬೇಡ ಅನ್ನಬೇಕಿತ್ತು. ಅಂದರೆ ಆಟ ತಪ್ಪುತ್ತದೆ. ಅಕ್ಕನಿಗೆ ನಿಜ ಹೇಳಬೇಕಿತ್ತು. ಹೇಳಿದರೆ ಅವಳು ಅವತ್ತೇ ಕಳಶ ತೆಗೆದುಬಿಡುತ್ತಾಳೆ. ಎರಡನ್ನೂ ಮಾಡದೆ, ನಾಳೆ ನೋಡೋಣ ಎಂದುಕೊಂಡೆ. ಇಟ್ಟಿಗೆಯ ವಿಷಯದಲ್ಲಿ ಅಂದುಕೊಂಡ ಹಾಗೇ.

ಅಷ್ಟರಲ್ಲಿ ಬೀದಿಯ ಹೆಂಗಸರು, ಹೆಣ್ಣುಮಕ್ಕಳು ಸಂಜೆಯ ಆರತಿಗೆ ಬರತೊಡಗಿದರು. ಗೊಂಬೆ ಆಡುವ ಗುಮಾಸ್ತ ಎಂದು ನಗುತ್ತಿದ್ದವರೇ ಸರದಿಯಲ್ಲಿ ನಿಂತು ಭೂತಗನ್ನಡಿಯಲ್ಲಿ ನೋಡಿದರು. ಅಕ್ಕ ಸ್ಕೂಲಿನಲ್ಲಿ ಪಾಠ ಹೇಳುವ ಹಾಗೆ, ಇವನು ಬಿಲ್ಲಿನವನು, ಇವನ ಪಂಚೆ ಯಾಕೆ ಮಾಸಿದೆ ಹೇಳಿ ನೋಡೋಣ ಎಂದು ಕೇಳುತ್ತಿದ್ದಳು. ಕೊನೆಗೆ ಎಲ್ಲರಿಗೂ ಒಂದೇ ಮಾತು, ನನ್ನ ತಮ್ಮ ನಂಗೋಸ್ಕರ ಮಾಡಿದ್ದು. ನಾನು ರೂಮಿನಲ್ಲಿ ಪೇಪರ್ ಹಿಡಿದು ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಯಾರೂ ಇಲ್ಲದಾಗ ನಾನೂ ಭೂತಗನ್ನಡಿ ಹಿಡಿದು ನೋಡಿದೆ. ಊದಿನಕಡ್ಡಿಯ ತುದಿಯಲ್ಲಿ ಇಟ್ಟ ನೂರ ನಲವತ್ತಕ್ಕೂ ಮಿಕ್ಕಿದ ಬೊಟ್ಟು. ಒಂದೂ ಹುಬ್ಬಿನ ಮೇಲೆ ಹರಿದಿರಲಿಲ್ಲ. ಎಪ್ಪತ್ತರ ಹತ್ತಿರದ ಆ ಕೈ ನನ್ನ ಕೈಗಿಂತ ನಿಖರವಾಗಿತ್ತು.

ಭಾನುವಾರ ಬಂದೇಬಿಟ್ಟಿತು. ಹತ್ತು ಗಂಟೆಗೆ ಗೆಳೆಯ ಎರಡು ಸ್ವೀಟ್ ಡಬ್ಬಿಗಳಲ್ಲಿ ಸೇವುಣರನ್ನು ತುಂಬಿಕೊಂಡು, ಬಗಲಲ್ಲಿ ದಾಳದ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತ. ನಾನು ಅವನನ್ನು ಹೊರಗೇ ತಡೆದು ಎರಡು ಮಾತು ಹೇಳುವಷ್ಟರಲ್ಲಿ ಅಕ್ಕ ಒಳಗೆ ಕರೆದಾಗಿತ್ತು. ಮೆಟ್ಟಿಲ ಮುಂದೆ ನಿಂತು ಅವನು ಜೋರಾಗಿ ನಕ್ಕ.

“ಲೋ, ದಂಡು ಹೊರಡಕ್ಕೆ ಮೊದಲು ಆರತಿ ಎತ್ತಿಸಿದೀಯಲ್ಲೋ. ಅಕ್ಕಾ, ಇವತ್ತು ನೋಡಿ ಮಜಾ. ಈ ಒಂದು ಯುದ್ಧಕ್ಕೆ ನಾವು ನಾಲ್ಕು ವರ್ಷ ಕಾದಿದೀವಿ.”

ಯಾವ ಯುದ್ಧ ಎಂದು ಅಕ್ಕ ಕೇಳಿದಳು. ಅವನು ಒಳ್ಳೆಯ ಮೇಷ್ಟ್ರು, ಕೇಳಿದರೆ ಬಿಡಿಸಿ ಹೇಳದೆ ಇರಲಾರ. ಸೈನ್ಯ ಮಾಡಿದ್ದು ಯಾಕೆ, ಆ ಮೆಟ್ಟಿಲು ಹುಲಿಕೆರೆಯ ಕೊಳ, ಅದನ್ನು ಹಲಗೆಯ ಮೇಲೆ ಎಲ್ಲಿ ಇಡುತ್ತೇವೆ, ದಾಳ ಹೇಗೆ ಹಾಕುತ್ತೇವೆ, ಎಲ್ಲವನ್ನೂ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಕಾಫಿ ತರ್ತೀನಿ ಕೂತ್ಕೊಳ್ಳಿ ಎಂದು ಒಳಗೆ ಹೋದಳು. ಗೆಳೆಯನಿಗೆ ನನ್ನ ಮುಖ ನೋಡಿ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಟ್ರಂಕಿನ ಕಥೆ ಅವನಿಗೆ ಗೊತ್ತಿತ್ತು. ಎರಡು ಮಾತಿನಲ್ಲಿ ಉಳಿದದ್ದು ಹೇಳಿದೆ. ಅವನು ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತ.

ನಾನು ಅಡುಗೆಮನೆಗೆ ಹೋದೆ. ಅಕ್ಕ ಹಾಲಿನ ಪಾತ್ರೆಯ ಮುಂದೆ ನಿಂತಿದ್ದಳು. ನಾಲ್ಕು ವರ್ಷದ ಮಾತು ಹೇಗೆ ಶುರುಮಾಡಬೇಕು ಎಂದು ಗೊತ್ತಾಗದೆ ಕೊನೆಯಿಂದಲೇ ಶುರುಮಾಡಿದೆ.

“ತಪ್ಪಾಯ್ತು ಕಣೇ ಅಕ್ಕಾ. ಇಟ್ಟಿಗೆ ಕೊಡು ಅಂದಿದ್ದೆ ನೀನು. ನಾನು ಕೊಡ್ಲಿಲ್ಲ. ಅಮ್ಮನ ಗೊಂಬೆ ಹಾಳುಮಾಡಿದೋನು ನಾನೇ. ಇವನ್ನ ಮಾಡಿದ್ದೂ ನಿಂಗೋಸ್ಕರ ಅಲ್ಲ.”

ಅವಳು ತಿರುಗಲಿಲ್ಲ. ಹಾಲು ಉಕ್ಕಿ ಬಂತು, ಒಲೆ ಆರಿಸಿದಳು. ಮೂರು ಲೋಟಕ್ಕೆ ಡಿಕಾಕ್ಷನ್ ಹಾಕಿ, ಹಾಲು ಬೆರೆಸಿ, ಸಕ್ಕರೆ ಹಾಕಿ ಕಲಕಿ ಮುಗಿಸಿದ ಮೇಲೆ ಮಾತಾಡಿದಳು.

“ನಂಗೋಸ್ಕರ ಮಾಡ್ಲಿಲ್ಲ ಸರಿ. ಆದ್ರೂ ನಂಗೆ ಬಂತಲ್ಲೋ. ಐದು ದಿನ ಮನೆ ತುಂಬಾ ಜನ ಇದ್ರು.” ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ನಾನು ಕಳಶ ತೆಗೀತೀನಿ. ನೀವು ಆಡ್ಕೊಳ್ಳಿ. ಅವನು ಬೇಲೂರಿಂದ ಬಂದಿದಾನೆ,” ಅಂದಳು.

ಬೇಡ ಅಂದೆ. ನನ್ನ ದನಿ ಎಂದಿನ ಹಾಗೇ ಏರಿತ್ತು, ಆದರೆ ಈ ಸಲ ಅದು ಕೋಪವಲ್ಲ. ಗೊಂಬೆ ನಿನ್ನದು, ದಶಮಿಯ ತನಕ ಯಾರಾದರೂ ಮುಟ್ಟಿದರೆ ಕೈ ಮುರಿಯುತ್ತೇನೆ, ಅವನಾಗಲಿ ನಾನಾಗಲಿ ಎಂದು ಕೂಗಿದೆ. ನಡುಮನೆಯಲ್ಲಿ ಗೆಳೆಯನಿಗೆ ಕೇಳಿಸಲಿ ಎಂದೇ ಕೂಗಿದೆ. ಅವನಿಗೆ ಕೇಳಿಸಿತ್ತು. ನಾವು ಕಾಫಿ ಹಿಡಿದು ಹೊರಗೆ ಬಂದಾಗ ಅವನು ಡಬ್ಬಿಗಳ ಮುಚ್ಚಳ ತೆಗೆದು ನೆಲದ ಮೇಲೆ ಕೂತಿದ್ದ. ಅಕ್ಕಾ, ಕೆಳಗಿನ ಮೆಟ್ಟಿಲಲ್ಲಿ ನನ್ನವರಿಗೂ ಒಂದಿಷ್ಟು ಜಾಗ ಕೊಡ್ತೀರಾ ಎಂದು ಕೇಳಿದ. ಅಕ್ಕ ಕುಂಕುಮದ ಭರಣಿಯನ್ನೂ ಊದಿನಕಡ್ಡಿಯನ್ನೂ ತಂದಳು. ಶತ್ರುಗಳಿಗೂ ಕುಂಕುಮ ಇಡುತ್ತೀಯಾ ಎಂದು ನಾನು ಕೆಣಕಿದೆ. ಮನೆಗೆ ಬಂದವರಿಗೆ ಹಂಗನ್ನಬಾರದು ಎಂದು ಗದರಿದಳು. ಆ ಭಾನುವಾರ ನಾವು ಯುದ್ಧ ಮಾಡಲಿಲ್ಲ. ಒಬ್ಬಟ್ಟು ತಿಂದೆವು. ಗೆಳೆಯ ಸೇವುಣರನ್ನು ನಮ್ಮ ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಬೇಲೂರಿನ ಬಸ್ಸು ಹತ್ತಿದ. ಅಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ.

ದಶಮಿಯ ಸಂಜೆ ಅಕ್ಕ ಆರತಿ ಎತ್ತಿ, ರಾಜನ ಆನೆಯನ್ನೂ ರಾಣಿಯ ಕುದುರೆಯನ್ನೂ ಬಿಳಿ ಬಟ್ಟೆಯ ಮೇಲೆ ಮಲಗಿಸಿದಳು. ಗೊಂಬೆ ತೆಗೆಯುವ ಮೊದಲು ಅವನ್ನು ಹಾಗೆ ಮಲಗಿಸುವುದು ಅಮ್ಮನ ಕಾಲದ ಪದ್ಧತಿ. ಮಾರನೆಯ ದಿನ ಗೆಳೆಯ ಮತ್ತೆ ಬಂದ. ಹಲಗೆ ಹಾಸಿ, ಕೊಳ ಇಟ್ಟು, ಕುಂಕುಮ ಹಚ್ಚಿಕೊಂಡ ಎರಡು ಸೈನ್ಯಗಳನ್ನು ಎದುರುಬದುರು ನಿಲ್ಲಿಸಿದೆವು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಬೊಟ್ಟು ಹೋದರೂ ಹೋದೀತು, ನೋಡೋಣವಾ ಎಂದು ಅವನು ಮೆಲ್ಲಗೆ ಕೇಳಿದ. ನಾನು ಬೇಡ ಅಂದೆ. ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

ದಾಳ ಅವತ್ತು ನನ್ನ ಮೇಲೆ ಹಗೆ ಸಾಧಿಸಿತು. ಬಿಲ್ಲಿನವರು ಒಂದೂ ತಾಗಿಸಲಿಲ್ಲ. ಕುದುರೆಗಳು ಕೊಳದ ಹತ್ತಿರ ಸಿಕ್ಕಿಕೊಂಡವು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಅರ್ಧ ಸೈನ್ಯ ಮಲಗಿತ್ತು. ಬಿದ್ದವರನ್ನು ನಾವು ಡಬ್ಬಿಗೆ ಹಾಕಲು ಹೋದರೆ ಅಕ್ಕ ಅವರನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಹಿಂದಿನ ಸಂಜೆಯ ಅದೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ಕೊನೆಗೆ ನನ್ನ ರಾಜನೂ ಬಿದ್ದ. ನಾನು ದಾಳಗಳನ್ನು ಗೋಡೆಗೆ ಬೀಸಿ ಒಗೆದೆ. ನಾಲ್ಕು ವರ್ಷ ಕೂತು ಮಾಡಿದ್ದು ಒಂದೇ ದಿನಕ್ಕೆ ಮುಗಿಯಿತಲ್ಲ ಎಂದು ಕೂಗಾಡಿದೆ. ಗೆಳೆಯ ಗೆದ್ದದ್ದಕ್ಕೆ ಕ್ಷಮೆ ಕೇಳುವವನ ಹಾಗೆ ಕೂತಿದ್ದ. ಅಕ್ಕ ಆನೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಟ್ಟೆಯ ಮೇಲೆ ಇಟ್ಟಳು.

“ಯಾಕೋ ಹಂಗೆ ಕಿರಚ್ತೀಯ? ಮಲಗಿದಾರೆ ಅಷ್ಟೇ. ಮುಂದಿನ ವರ್ಷ ಎಬ್ಬಿಸಿದ್ರೆ ಆಯ್ತು.”

ಮುಂದಿನ ವರ್ಷವೂ ಗೊಂಬೆ ಕೂರುತ್ತದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟ ಮಾತು ಅದು. ನನ್ನಂಥವನನ್ನು ಬೆಳೆಸಿ, ನನ್ನ ಕೂಗಾಟವನ್ನೆಲ್ಲ ಸಹಿಸಿಕೊಂಡು, ನನ್ನ ಒರಟು ಕೆಲಸದಲ್ಲೂ ತನ್ನ ಪಾಲಿನ ಪ್ರೀತಿಯನ್ನು ಹುಡುಕಿ ತೆಗೆದುಕೊಂಡವಳು ಅವಳು. ನಾನು ಕೊಟ್ಟದ್ದಕ್ಕಿಂತ ಹೆಚ್ಚು ಅವಳು ತೆಗೆದುಕೊಂಡಳು, ಅದರಿಂದ ನಾನೇ ಉದ್ಧಾರವಾದೆ. ಗೋಡೆ ಬದಿಯ ದಾಳಗಳನ್ನು ಆರಿಸಿ ತಂದು ಇನ್ನೊಂದು ಆಟ ಹಾಕಿದೆವು. ಅದನ್ನೂ ಸೋತೆ.

ಈಗ ಮತ್ತೆ ದಸರಾ ಹತ್ತಿರ ಬರುತ್ತಿದೆ. ಹೊಸದಾಗಿ ಮಾಡಿದ ಸೈನಿಕರನ್ನು ವಾರ್ನಿಷ್ ಹೊಡೆಯುವ ಮೊದಲು ಅಕ್ಕನ ಮುಂದೆ ಇಡುತ್ತೇನೆ. ಅವಳು ಬೊಟ್ಟು ಇಟ್ಟ ಮೇಲೇ ಮುಂದಿನ ಕೆಲಸ. ಥರ್ಮೋಕೋಲ್ ಮೆಟ್ಟಿಲಿಗೆ ಕಲ್ಲಿನ ಬಣ್ಣ ಬಳಿಯಲಿಲ್ಲ, ಅದು ಬೆಳ್ಳಗೇ ಇದೆ. ಈ ತಿಂಗಳೆಲ್ಲ ಮೇಜಿನ ಮೇಲೆ ಇರುವುದು ಸೈನಿಕನಲ್ಲ. ಚಕ್ಕಂಬಕ್ಕಳ ಹಾಕಿ ಕೂತ ಒಂದಿಂಚಿನ ಶೆಟ್ಟಿ, ಪಕ್ಕದಲ್ಲಿ ಅವನ ಹೆಂಡತಿ, ಮುಂದೆ ಕಡಲೆ ಕಾಳಿನಷ್ಟು ಸಣ್ಣ ಬುಟ್ಟಿಗಳಲ್ಲಿ ರಾಗಿ, ಹೆಸರು, ಕೊಬ್ಬರಿ. ಯುದ್ಧದಲ್ಲಿ ಶೆಟ್ಟಿಗೇನು ಕೆಲಸ ಎಂದು ಗೆಳೆಯ ಫೋನಿನಲ್ಲಿ ನಕ್ಕ. ದಂಡು ಊಟ ಮಾಡಬೇಡವೇನೋ ಎಂದು ಬೈದೆ. ನಿನ್ನೆ ಬೆಳಿಗ್ಗೆ ಅಕ್ಕ ಕಾಫಿ ತಂದು ಎಂದಿನ ಹಾಗೆ ನನ್ನ ಹಿಂದೆ ನಿಂತಳು. ಶೆಟ್ಟಿಯ ಮುಖ ನೋಡಿದಳು, ಬುಟ್ಟಿಗಳನ್ನು ನೋಡಿದಳು, ಏನೂ ಕೇಳಲಿಲ್ಲ. ಕಣ್ಣು ಬರೆಯುತ್ತಿದ್ದ ಬ್ರಷ್ಷನ್ನು ಕೆಳಗಿಟ್ಟು ತಿರುಗಿದೆ. ಇದು ನಿನಗೇ ಮಾಡುತ್ತಿರುವುದು ಎಂದು ಈ ಸಲ ಮೊದಲೇ ಹೇಳಿದೆ.